ಮುಕ್ತ ತಂತ್ರಾಂಶ: ಕಟ್ಟುವುದು ಮತ್ತು ಕಾಯುವುದು

2024ನೆಯ ಇಸವಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಗೇಟು ನೀರಿನ ರಭಸಕ್ಕೆ ಕೊಚ್ಚಿಕೊಂಡು ಹೋದ ಸಂಗತಿಯನ್ನು ನಮ್ಮ ಭಾಗದವರು ಯಾರೂ ಮರೆತಿರಲಾರರು. ಆ ವಾರವೆಲ್ಲ ಮರಿಯಮ್ಮನಹಳ್ಳಿಯ ಹೋಟೆಲುಗಳಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಬೇರೆ ಮಾತೇ ಇರಲಿಲ್ಲ. ನಮ್ಮ ತಾಯಿಯವರು ಭತ್ತದ ನಾಟಿಗೆಂದು ಕಂಪ್ಲಿಯ ಕಡೆಗೆ ಕೂಲಿಗೆ ಹೋಗತಕ್ಕವರು. “ನೀರೆಲ್ಲಾ ಹರಿದು ಹೋದ್ರೆ ಈ ಸಾರಿ ನಾಟಿ ಎಲ್ಲೈತೆ?” ಎಂದು ಅವರು ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಶ್ರೀ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ, ಒಂದು ವಾರದೊಳಗೆ ನೀರನ್ನು ತಡೆದುದು ದೊಡ್ಡ ಸಾಹಸವೇ ಸರಿ. ಆದರೆ ನನ್ನ ಮನಸ್ಸಿನಲ್ಲಿ ನಿಂತುಹೋದ ವಿಚಾರವೊಂದುಂಟು. 1953ರಲ್ಲಿ ಕಟ್ಟಿ ಮುಗಿಸಿದ ಅಷ್ಟು ದೊಡ್ಡ ಅಣೆಕಟ್ಟು, 71 ವರ್ಷಗಳ ತರುವಾಯ, ಒಂದು ಸರಪಳಿಯನ್ನು ನಂಬಿಕೊಂಡು ನಿಂತಿತ್ತು. ಕಟ್ಟಿದವರ ಕೆಲಸ ಅಂದೇ ಮುಗಿಯಿತು. ಸರಪಳಿಯನ್ನು ನೋಡಿಕೊಳ್ಳುವವರ ಕೆಲಸ ಎಂದಿಗೂ ಮುಗಿಯತಕ್ಕದ್ದಲ್ಲ.

ಗಣಕಯಂತ್ರದ ಲೋಕದಲ್ಲಿಯೂ ಈ ಮಾತು ಅಕ್ಷರಶಃ ಸತ್ಯವೆಂಬುದನ್ನು ಕಳೆದ ವರ್ಷ ನಾನು ಕಂಡುಕೊಂಡೆನು. ನಾನು ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವ ಬಿ.ಎ. ವಿದ್ಯಾರ್ಥಿ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಗಣಕವಿಜ್ಞಾನದಲ್ಲಿ ನನಗೆ ಪದವಿಯ ಪಾಂಡಿತ್ಯವಿಲ್ಲ. ಆದರೂ ಕಂಡುದನ್ನು ಸಹಪಾಠಿಗಳೊಡನೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಧ್ಯಾಪಕವರ್ಗದವರು ತಿದ್ದಬೇಕಾಗಿ ವಿನಂತಿ.

ಚೌಕಟ್ಟು ಎಂದರೇನು?

ಗಣಕಯಂತ್ರಕ್ಕೆ ಕೆಲಸ ಹೇಳುವ ಬರವಣಿಗೆಗೆ ತಂತ್ರಾಂಶವೆಂದು ಹೆಸರು. ಅನೇಕ ತಂತ್ರಾಂಶಗಳ ಮೂಲ ಬರವಣಿಗೆಯನ್ನು ಅವುಗಳ ಒಡೆಯರು ಬಚ್ಚಿಡುತ್ತಾರೆ. ಆದರೆ ಕೆಲವರು ಅದನ್ನು ಎಲ್ಲರ ಮುಂದಿಟ್ಟು, ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು ಎಂದು ಪರವಾನಗಿ ಬರೆದುಕೊಡುತ್ತಾರೆ. ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಈ ವಿಚಾರಕ್ಕೆ ಚಳವಳಿಯ ರೂಪ ಕೊಟ್ಟರು. ‘ಓಪನ್ ಸೋರ್ಸ್’ ಎಂಬ ಹೆಸರು ಬಂದುದು 1998ರಲ್ಲಿ. ಕನ್ನಡದಲ್ಲಿ ಮುಕ್ತ ತಂತ್ರಾಂಶವೆನ್ನುತ್ತೇವೆ.

ಇನ್ನು ಚೌಕಟ್ಟು. ಇಂಗ್ಲಿಷಿನವರು ಫ್ರೇಮ್‌ವರ್ಕ್ ಎಂದು ಕರೆಯುವ ಈ ವಸ್ತುವನ್ನು ನಮ್ಮ ಊರಿನವರಿಗೆ ತಿಳಿಸುವುದು ಸುಲಭ. ಏಕೆಂದರೆ ನಮ್ಮ ಊರು ನಾಟಕಕ್ಕೆ ಹೆಸರಾದುದು. ಹಬ್ಬಕ್ಕೆ ಓಣಿಯ ಹುಡುಗರು ನಾಟಕವಾಡಬೇಕೆಂದರೆ ಪರದೆ ಬರೆಯಿಸುತ್ತ, ರಂಗಮಂಚಕ್ಕೆ ಮರ ಕೊಯ್ಯಿಸುತ್ತ ಕುಳಿತುಕೊಳ್ಳುವುದಿಲ್ಲ. ಅರಮನೆಯ ಪರದೆ, ಬೀದಿಯ ಪರದೆ, ಸೈಡ್ ವಿಂಗುಗಳು, ದೀಪ, ಮೈಕು ಎಲ್ಲವನ್ನೂ ಡ್ರಾಮಾ ಸೀನ್ಸಿನವರಿಂದ ಬಾಡಿಗೆಗೆ ತರುತ್ತಾರೆ. ಅದರೊಳಗೆ ತಮ್ಮ ನಾಟಕವನ್ನು ಆಡುತ್ತಾರೆ. ಅಂತರಜಾಲದ ತಾಣ ಕಟ್ಟುವವರಿಗೂ ಇಂತಹ ಸಿದ್ಧ ರಂಗಸಜ್ಜಿಕೆಯೊಂದು ಬೇಕು. ಓದುಗನ ಕೋರಿಕೆಯನ್ನು ಸ್ವೀಕರಿಸುವುದು, ಸರಿಯಾದ ಪುಟಕ್ಕೆ ಕಳುಹಿಸುವುದು, ದಾಖಲೆಗಳನ್ನು ತೆಗೆದುಕೊಡುವುದು, ಕಳ್ಳರನ್ನು ತಡೆಯುವುದು ಮೊದಲಾದವು ಎಲ್ಲ ತಾಣಗಳಿಗೂ ಸಾಮಾನ್ಯವಾದ ಕೆಲಸಗಳು. ಇವನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟರೆ ಸಾವಿರಾರು ಜನ ಅದರ ಮೇಲೆ ತಮ್ಮ ತಾಣವನ್ನು ಕಟ್ಟಬಹುದು. ಅದೇ ಚೌಕಟ್ಟು.

ಫಂಕ್ಷನಲ್ ಪದ್ಧತಿ

ಪ್ರೋಗ್ರಾಂ ಬರೆಯುವ ಪದ್ಧತಿಗಳು ಹಲವುಂಟು. ಅವುಗಳಲ್ಲಿ ಫಂಕ್ಷನಲ್ ಪದ್ಧತಿಯೆಂಬುದು ಗಣಿತಕ್ಕೆ ಅತಿ ಸಮೀಪವಾದುದು. ಅದರ ಬೇರು 1930ರ ದಶಕದಲ್ಲಿ ಅಲೊಂಜೊ ಚರ್ಚ್ ಎಂಬ ಅಮೆರಿಕದ ತರ್ಕಶಾಸ್ತ್ರಜ್ಞರು ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿದೆ. 1958ರಲ್ಲಿ ಜಾನ್ ಮೆಕಾರ್ಥಿಯವರು ಲಿಸ್ಪ್ ಭಾಷೆಯನ್ನು ಆರಂಭಿಸಿದರು. 1980ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಎರ್ಲಾಂಗ್ ಭಾಷೆ ಹುಟ್ಟಿತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯವರ ಹೆಸರನ್ನು ಹೊತ್ತ ಹ್ಯಾಸ್ಕೆಲ್ ಭಾಷೆ 1990ರಲ್ಲಿ ಪ್ರಕಟವಾಯಿತು.

ಈ ಪದ್ಧತಿಯ ತಿರುಳು ಎರಡು ಮಾತುಗಳಲ್ಲಿದೆ. ಮೊದಲನೆಯದು: ಫಂಕ್ಷನ್ ಎಂಬುದು ಮಗ್ಗಿಯಂತಿರಬೇಕು. ಏಳೆಂಟ್ಲೆ ಐವತ್ತಾರು ಎಂಬುದನ್ನು ಬೆಳಿಗ್ಗೆ ಕೇಳಿದರೂ ರಾತ್ರಿ ಕೇಳಿದರೂ, ಹೊಸಪೇಟೆಯಲ್ಲಿ ಕೇಳಿದರೂ ಸಂಡೂರಿನಲ್ಲಿ ಕೇಳಿದರೂ ಉತ್ತರ ಐವತ್ತಾರೇ. ಕೊಟ್ಟುದು ಒಂದೇ ಆದರೆ ಬರುವುದೂ ಒಂದೇ ಆಗಿರಬೇಕು. ನಡುವೆ ಬೇರೆ ಯಾವುದನ್ನೂ ಗುಟ್ಟಾಗಿ ಬದಲಾಯಿಸಕೂಡದು. ಎರಡನೆಯದು: ಬರೆದುದನ್ನು ಅಳಿಸಬಾರದು. ಅಂಗಡಿಯ ಶೆಟ್ಟರು ಕಿರ್ದಿಯಲ್ಲಿ ಬರೆದ ಸಾಲನ್ನು ಉಜ್ಜಿ ತೆಗೆಯುವುದಿಲ್ಲ. ತಪ್ಪಾದರೆ ಕೆಳಗೆ ಹೊಸ ಸಾಲು ಬರೆದು ಜಮಾ ಖರ್ಚು ಸರಿಪಡಿಸುತ್ತಾರೆ. ಅದರಿಂದ ಹಿಂದೆ ಏನಾಯಿತೆಂಬುದನ್ನು ಯಾವಾಗ ಬೇಕಾದರೂ ನೋಡಬಹುದು. ಕರಿಹಲಗೆಯ ಮೇಲೆ ಬರೆದು ಅಳಿಸುವ ಲೆಕ್ಕದಲ್ಲಿ ಈ ಸೌಕರ್ಯವಿಲ್ಲ.

ಈ ಪದ್ಧತಿಯ ಭಾಷೆಗಳಲ್ಲಿಯೂ ಜಾಲದ ಚೌಕಟ್ಟುಗಳಿವೆ. ಮೈಕೆಲ್ ಸ್ನೋಯ್‌ಮನ್ ಅವರು 2010ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಹೊರತಂದ ಯೆಸೋಡ್ ಎಂಬುದು ಒಂದು. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಬುನಾದಿಯೆಂದು ಅರ್ಥ. ಎರ್ಲಾಂಗಿನ ಅಡಿಪಾಯದ ಮೇಲೆ ಬ್ರೆಜಿಲಿನ ಜೋಸೆ ವಾಲಿಂ ಅವರು ಎಲಿಕ್ಸರ್ ಭಾಷೆಯನ್ನು ನಿರ್ಮಿಸಿದರು; ಅದರಲ್ಲಿ ಕ್ರಿಸ್ ಮೆಕಾರ್ಡ್ ಅವರು ಕಟ್ಟಿದ ಫೀನಿಕ್ಸ್ ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿ 2015ರ ಆಗಸ್ಟಿನಲ್ಲಿ ಬಂದಿತು. ಅದೇ ವರ್ಷ, ಒಂದೇ ಯಂತ್ರದ ಮೇಲೆ ಏಕಕಾಲಕ್ಕೆ 20 ಲಕ್ಷ ಸಂಪರ್ಕಗಳನ್ನು ಅದು ಹಿಡಿದು ನಿಲ್ಲಿಸಿ ತೋರಿಸಿತು. ದೂರವಾಣಿಗಾಗಿ ಹುಟ್ಟಿದ ಭಾಷೆಗೆ ಅದು ಸಹಜ ವಿದ್ಯೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಉದಾಹರಣೆಯುಂಟು. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಎಂಬ ಆಟೋರಿಕ್ಷಾ ಸೇವೆಯನ್ನು ಅಲ್ಲಿಗೆ ಹೋದವರು ಬಳಸಿರಬಹುದು. ಬೆಂಗಳೂರಿನ ಜಸ್‌ಪೇ ಸಂಸ್ಥೆಯವರು ಆಟೋ ಚಾಲಕರ ಸಂಘಟನೆಯೊಡನೆ ಸೇರಿ ಹೊರತಂದ ಆ ತಂತ್ರಾಂಶದ ಒಳಭಾಗ ಹ್ಯಾಸ್ಕೆಲ್ ಭಾಷೆಯಲ್ಲಿದೆ. ಮೊಬೈಲಿನಲ್ಲಿ ಕಾಣುವ ಭಾಗವನ್ನು ಅದರ ಸೋದರಭಾಷೆಯಾದ ಪ್ಯೂರ್‌ಸ್ಕ್ರಿಪ್ಟಿನಲ್ಲಿ ಬರೆದಿದ್ದಾರೆ. ಮೂಲ ಬರವಣಿಗೆಯೂ ಮುಕ್ತವಾಗಿದೆ. ಮೆಜೆಸ್ಟಿಕ್ಕಿನಲ್ಲಿ ಆಟೋ ಹಿಡಿಯುವ ಪ್ರಯಾಣಿಕನಿಗೆ ತಾನು ಚರ್ಚ್ ಅವರ ತರ್ಕಶಾಸ್ತ್ರದ ಫಲವನ್ನು ಉಣ್ಣುತ್ತಿದ್ದೇನೆಂಬ ಅರಿವಿಲ್ಲದಿದ್ದರೂ ಬಾಧಕವೇನಿಲ್ಲ.

ನಮ್ಮೂರ ಹೆಸರು ತುಂಡಾದ ಕಥೆ

ಇಲ್ಲಿಯವರೆಗೆ ಹೇಳಿದುದು ಪೀಠಿಕೆ. ಇನ್ನು ನಾನು ಕಣ್ಣಾರೆ ಕಂಡ ವಿಷಯಕ್ಕೆ ಬರುತ್ತೇನೆ.

ಊರಿನ ಹಿರಿಯ ಗೆಳೆಯರೊಬ್ಬರು ಬೆಂಗಳೂರಿನಲ್ಲಿ ಈ ಉದ್ಯೋಗದಲ್ಲಿದ್ದಾರೆ. ಅವರ ನೆರವಿನಿಂದ ನಾವು ಕೆಲವು ವಿದ್ಯಾರ್ಥಿಗಳು ಎನ್.ಎಸ್.ಎಸ್. ಶಿಬಿರದ ಹೆಸರು ನೋಂದಣಿಗಾಗಿ ಒಂದು ಸಣ್ಣ ತಾಣವನ್ನು ಸಿದ್ಧಪಡಿಸಿದೆವು. ಫಂಕ್ಷನಲ್ ಪದ್ಧತಿಯ ಒಂದು ಚಿಕ್ಕ ಮುಕ್ತ ಚೌಕಟ್ಟನ್ನು ಅವರೇ ಆರಿಸಿಕೊಟ್ಟರು. ಎಲ್ಲವೂ ಸರಿಹೋಯಿತು. ಆದರೆ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ‘ಮರಿಯಮ್ಮನಹಳ’ ಎಂದು ಬಂದಿತು. ಹಳ್ಳಿಯೇ ಹೋಗಿ ಹಳ ಉಳಿದುದನ್ನು ಕಂಡು ಗೆಳೆಯರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಕಾರಣವನ್ನು ಹುಡುಕಿದಾಗ ಸ್ವಾರಸ್ಯವಾದ ಸಂಗತಿ ಗೊತ್ತಾಯಿತು. ಮರಿಯಮ್ಮನಹಳ್ಳಿ ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು 7 ಅಕ್ಷರ. ಆದರೆ 1991ರಿಂದ ಬಳಕೆಗೆ ಬಂದ ಯೂನಿಕೋಡ್ ಸಂಕೇತದಲ್ಲಿ ವ್ಯಂಜನಕ್ಕೆ ಒಂದು, ಗುಡಿಸಿಗೆ ಒಂದು, ಒತ್ತಕ್ಷರ ಮಾಡುವ ವಿರಾಮಚಿಹ್ನೆಗೆ ಒಂದು ಹೀಗೆ ಬೇರೆಬೇರೆ ಸಂಖ್ಯೆಗಳಿವೆ. ಅದರಂತೆ ಎಣಿಸಿದರೆ ನಮ್ಮ ಊರು 13 ಸಂಕೇತಗಳಷ್ಟು ಉದ್ದ. ಸಾಮಾನ್ಯ ಬಳಕೆಯ ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳಂತೆ 39 ಬೈಟುಗಳು. ಚೌಕಟ್ಟಿನಲ್ಲಿದ್ದ, ಪದವನ್ನು ಕಿರಿದುಗೊಳಿಸುವ ಫಂಕ್ಷನ್ 10 ಸಂಕೇತಗಳನ್ನು ಎಣಿಸಿ, ಅಲ್ಲಿಗೆ ಕತ್ತರಿ ಹಾಕುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಸಂಕೇತವಾದುದರಿಂದ ಬರೆದವರಿಗೆ ಈ ತೊಂದರೆ ಹೊಳೆದಿರಲಿಲ್ಲ.

ಗೆಳೆಯರ ಪ್ರೋತ್ಸಾಹದಿಂದ ನಾನು ಆ ಚೌಕಟ್ಟಿನ ನಿರ್ವಾಹಕರಿಗೆ ಬರೆದೆನು. ಇಲ್ಲಿ ಫಂಕ್ಷನಲ್ ಪದ್ಧತಿಯ ಉಪಕಾರ ಕಂಡಿತು. ಆ ಫಂಕ್ಷನ್ ಮಗ್ಗಿಯಂತಿದ್ದುದರಿಂದ ತಪ್ಪನ್ನಾದರೂ ಪ್ರತಿಸಲವೂ ಒಂದೇ ರೀತಿಯಾಗಿ ಮಾಡುತ್ತಿತ್ತು. ‘ಈ ಹೆಸರನ್ನು ಕೊಟ್ಟೆ, ಇದು ಬಂದಿತು, ಹೀಗೆ ಬರಬೇಕಾಗಿತ್ತು’ ಎಂಬ ಮೂರು ಸಾಲು ಸಾಕಾಯಿತು. ನನ್ನ ಇಂಗ್ಲಿಷು ಅಷ್ಟರಮಟ್ಟಿಗೆ ಸಾಲದೆ ಬರಲಿಲ್ಲ.

ಮೂರು ವಾರಗಳ ತರುವಾಯ ಉತ್ತರ ಬಂದಿತು. ಒಪ್ಪೊತ್ತಿನಲ್ಲಿ ತಿದ್ದಿಬಿಡುವರೆಂದು ನಾನು ಎಣಿಸಿದ್ದೆನು. ಅವರು ಹೇಳಿದುದು ಬೇರೆ. ದೋಷವು ನಿಜ, ಆದರೆ ಹಾಗೆ ಕಿರಿದುಗೊಳಿಸಿದ ಹೆಸರನ್ನೇ ಗುರುತಾಗಿಟ್ಟುಕೊಂಡು ಹಳೆಯ ದಾಖಲೆಗಳನ್ನು ಹುಡುಕುವ ಪ್ರೋಗ್ರಾಮುಗಳು ಅನೇಕ ಕಡೆ ಇರಬಹುದು. ಇಂದು ಥಟ್ಟನೆ ಉತ್ತರವನ್ನು ಬದಲಾಯಿಸಿದರೆ ಅವರ ದಾಖಲೆಗಳು ನಾಳೆ ಸಿಗುವುದಿಲ್ಲ. ಆದುದರಿಂದ ಸ್ವಲ್ಪ ತಾಳ್ಮೆ ಬೇಕು, ಎಂದಿದ್ದರು. ನಿಜ ಹೇಳುವುದಾದರೆ ನನಗೆ ಕೋಪ ಬಂದಿತು. ನಮ್ಮೂರ ಹೆಸರಿನ ಕುತ್ತಿಗೆ ಕೊಯ್ದು, ತಾಳ್ಮೆಯೆಂದರೇನು? ಆದರೆ ಮುಂದೆ ಯೋಚಿಸಿದಂತೆಲ್ಲ ಅವರ ಕಷ್ಟ ತಿಳಿಯಿತು.

ಬಿಡುಗಡೆಯೆಂಬ ವಚನ

ಮತ್ತೆ ನಾಟಕಕ್ಕೇ ಬರೋಣ. ರಂಗದ ಮೇಲೆ ಒಬ್ಬ ಪಾತ್ರಧಾರಿಯ ಮಾತಿನ ಕೊನೆಯ ಪದವನ್ನು ಹಿಡಿದು ಇನ್ನೊಬ್ಬನು ತನ್ನ ಮಾತನ್ನು ಎತ್ತಿಕೊಳ್ಳುತ್ತಾನೆ. ಆ ಕೊನೆಯ ಪದವು ಚೆನ್ನಾಗಿಲ್ಲವೆಂದು ಕವಿಯು ಪ್ರಯೋಗದ ದಿನ ಬದಲಾಯಿಸಿದರೆ, ಹೊಸ ಪದ ಎಷ್ಟೇ ಸೊಗಸಾಗಿರಲಿ, ಎದುರಿನವನು ಬಾಯಿ ಬಿಟ್ಟುಕೊಂಡು ನಿಲ್ಲಬೇಕಾಗುತ್ತದೆ. ಚೌಕಟ್ಟನ್ನು ಒಮ್ಮೆ ಲೋಕಕ್ಕೆ ಬಿಟ್ಟ ಮೇಲೆ ಅದರ ಪ್ರತಿಯೊಂದು ನಡವಳಿಕೆಯನ್ನೂ ಯಾರೋ ಒಬ್ಬರು ನಂಬಿಕೊಂಡಿರುತ್ತಾರೆ. ಆದುದರಿಂದ ಬಿಡುಗಡೆಯೆಂದರೆ ಒಂದು ವಚನ.

ಈ ವಚನವನ್ನು ಮೂರು ಅಂಕಿಗಳಲ್ಲಿ ಬರೆಯುವುದು ರೂಢಿ. 2.4.1 ಎಂಬ ಆವೃತ್ತಿಯನ್ನು ತೆಗೆದುಕೊಳ್ಳೋಣ. ಕೊನೆಯ ಅಂಕಿ ಮಾತ್ರ ಏರಿ 2.4.2 ಆದರೆ, ದೋಷ ತಿದ್ದಿದ್ದೇವೆ, ಬೇರೇನೂ ಬದಲಾಗಿಲ್ಲವೆಂದು ಅರ್ಥ. ನಡುವಿನದು ಏರಿ 2.5.0 ಆದರೆ, ಹೊಸ ಸೌಕರ್ಯ ಸೇರಿದೆ, ಹಳೆಯದೂ ಹಾಗೆಯೇ ನಡೆಯುತ್ತದೆ ಎಂದು ಅರ್ಥ. ಮೊದಲನೆಯದು ಏರಿ 3.0.0 ಆದರೆ, ಎಚ್ಚರ, ಹಳೆಯ ವಚನಗಳಲ್ಲಿ ಕೆಲವನ್ನು ಹಿಂದಕ್ಕೆ ಪಡೆದಿದ್ದೇವೆ, ನಿಮ್ಮ ಬರವಣಿಗೆಯನ್ನು ನೋಡಿಕೊಳ್ಳಿ ಎಂದು ಅರ್ಥ. ಹ್ಯಾಸ್ಕೆಲಿನವರ ಕ್ರಮ ತುಸು ಭಿನ್ನ. ಅವರಲ್ಲಿ ಮೊದಲ ಎರಡು ಅಂಕಿಗಳು ಸೇರಿ ಈ ಎಚ್ಚರಿಕೆಯನ್ನು ಕೊಡುತ್ತವೆ. ಫೀನಿಕ್ಸಿನ ಮೊದಲ ಆವೃತ್ತಿ 1.0 ಎಂದು ಬಂದು ಹತ್ತು ವರ್ಷಗಳಾದ ಮೇಲೆ, 2025ರಲ್ಲಿ ಬಂದುದು 1.8. ಇಷ್ಟು ಬೆಳೆದರೂ ಮೊದಲಂಕಿಯನ್ನು ಕದಲಿಸದಿರುವುದು ಸಾಮಾನ್ಯ ಸಂಯಮವಲ್ಲ.

ಬಿಡುಗಡೆಗೆ ಮುನ್ನ ಮಾಡತಕ್ಕ ಕೆಲಸಗಳೂ ಬಹಳ. ಮೊದಲನೆಯದಾಗಿ, ಹಳೆಯ ವಚನಗಳೆಲ್ಲ ನಡೆಯುತ್ತಿವೆಯೇ ಎಂದು ನೂರಾರು ಸಣ್ಣ ಪರೀಕ್ಷೆಗಳನ್ನು ಯಂತ್ರದಿಂದಲೇ ಮಾಡಿಸಬೇಕು. ಎರಡನೆಯದಾಗಿ, ಭಾಷೆಯ ಹಳೆಯ ಆವೃತ್ತಿಯಲ್ಲಿಯೂ ಹೊಸ ಆವೃತ್ತಿಯಲ್ಲಿಯೂ ಅದು ಓಡುವುದೇ ಎಂದು ನೋಡಬೇಕು. ಮೂರನೆಯದಾಗಿ, ಏನು ಬದಲಾಯಿತು, ಏಕೆ ಬದಲಾಯಿತು, ಬಳಸುವವರು ಏನು ಮಾಡಬೇಕು ಎಂಬ ಬದಲಾವಣೆಯ ಪಟ್ಟಿಯನ್ನು ಬರೆಯಬೇಕು. ನಾಲ್ಕನೆಯದಾಗಿ, ದೊಡ್ಡ ಬಿಡುಗಡೆಯಾದರೆ ಮುಂಚಿತವಾಗಿ ಒಂದು ಪ್ರಯೋಗಾರ್ಥ ಆವೃತ್ತಿಯನ್ನು ಕೊಟ್ಟು, ಬಳಕೆದಾರರಿಂದ ತಪ್ಪು ಹುಡುಕಿಸಬೇಕು. ನಾಟಕದವರ ಭಾಷೆಯಲ್ಲಿ ಇದು ತಾಲೀಮು. ಇಷ್ಟೆಲ್ಲ ಆದ ಮೇಲೆ ಅದನ್ನು ಸಾರ್ವಜನಿಕ ಭಂಡಾರಕ್ಕೆ ಏರಿಸುವುದು. ಹ್ಯಾಸ್ಕೆಲಿನವರ ಹ್ಯಾಕೇಜ್ ಎಂಬ ಭಂಡಾರದಲ್ಲಿ ಒಮ್ಮೆ ಏರಿಸಿದ ಆವೃತ್ತಿಯ ಮೂಲ ಬರವಣಿಗೆಯನ್ನು ಮತ್ತೆ ಬದಲಾಯಿಸುವಂತಿಲ್ಲ. ತಪ್ಪಿದ್ದರೆ ಹೊಸ ಆವೃತ್ತಿಯನ್ನೇ ತರಬೇಕು. ಶೆಟ್ಟರ ಕಿರ್ದಿಯ ನಿಯಮ ಇಲ್ಲಿಯೂ ಸಲ್ಲುತ್ತದೆ.

ಈ ನಿಯಮವಿಲ್ಲದಿದ್ದರೆ ಏನಾಗುವುದೆಂಬುದನ್ನು 2016ರ ಮಾರ್ಚಿನಲ್ಲಿ ಲೋಕ ಕಂಡಿತು. ಜಾವಾಸ್ಕ್ರಿಪ್ಟಿನ ಭಂಡಾರದಿಂದ ‘ಲೆಫ್ಟ್‌ಪ್ಯಾಡ್’ ಎಂಬ 11 ಸಾಲುಗಳ ಬರವಣಿಗೆಯೊಂದನ್ನು ಅದನ್ನು ಬರೆದವರು ವಾಪಸು ತೆಗೆದುಕೊಂಡರು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಆದರೂ ಅದನ್ನು ನಂಬಿದ ಸಾವಿರಾರು ತಂತ್ರಾಂಶಗಳ ಕಟ್ಟುವಿಕೆ ನಿಂತುಹೋಯಿತು.

ನಮ್ಮೂರ ಹೆಸರಿನ ವಿಷಯದಲ್ಲಿಯೂ ನಿರ್ವಾಹಕರು ಕ್ರಮ ತಪ್ಪಲಿಲ್ಲ. ಅಕ್ಷರದ ನಡುವೆ ಕತ್ತರಿಸದ ಹೊಸ ಫಂಕ್ಷನೊಂದನ್ನು ಹಳೆಯದರ ಪಕ್ಕದಲ್ಲಿ ಸೇರಿಸಿ ನಡುವಿನ ಅಂಕಿಯನ್ನು ಏರಿಸಿದರು. ಹಳೆಯದನ್ನು ಬಳಸುವವರಿಗೆ ‘ಇದು ಮುಂದೆ ಇರುವುದಿಲ್ಲ, ಹೊಸದಕ್ಕೆ ಬನ್ನಿ’ ಎಂಬ ಎಚ್ಚರಿಕೆ ಕಾಣುವಂತೆ ಮಾಡಿದರು. ಹಳೆಯದನ್ನು ತೆಗೆಯುವುದು ಮುಂದಿನ ದೊಡ್ಡ ಬಿಡುಗಡೆಯಲ್ಲಿ. ನಮ್ಮ ಪಟ್ಟಿಯಲ್ಲಿ ಊರಿನ ಹೆಸರು ಆ ವಾರವೇ ಸರಿಯಾಯಿತು. ಬೇರೆಯವರ ದಾಖಲೆಯೂ ಉಳಿಯಿತು.

ಕಾಯುವವರ ಕಷ್ಟ

ಉತ್ತರಕ್ಕೆ ಮೂರು ವಾರವೇಕೆ ಬೇಕಾಯಿತೆಂಬುದು ನನಗೆ ಆಮೇಲೆ ತಿಳಿಯಿತು. ಅವರು ಹಗಲು ಬೇರೆ ಕಡೆ ಉದ್ಯೋಗ ಮಾಡಿ, ರಾತ್ರಿ ಸಂಬಳವಿಲ್ಲದೆ ಈ ಚೌಕಟ್ಟನ್ನು ನೋಡಿಕೊಳ್ಳುವವರು. ಮುಕ್ತ ತಂತ್ರಾಂಶದ ನಿರ್ವಾಹಕರಲ್ಲಿ ಹಲವರ ಸ್ಥಿತಿ ಹೀಗೆಯೇ ಇದೆ. ಹೊಸದನ್ನು ಕಟ್ಟಿದಾಗ ಚಪ್ಪಾಳೆ, ಕಾಯುವಾಗ ದೂರು.

ಇದರ ಅಪಾಯ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶವನ್ನು ಲೋಕದ ಅಸಂಖ್ಯಾತ ಯಂತ್ರಗಳು ಬಳಸುತ್ತವೆ. ಅದನ್ನು ಬಹುಕಾಲ ಒಬ್ಬರೇ ವ್ಯಕ್ತಿ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದಾಗ, ಬಿಡುಗಡೆ ತಡವಾಯಿತೆಂದು ಕೆಲವರು ಕಟುವಾಗಿ ಬರೆದು ಒತ್ತಡ ತಂದರು. ಅದೇ ಕಾಲಕ್ಕೆ ಸಹಾಯಕನ ವೇಷದಲ್ಲಿ ಬಂದ ಒಬ್ಬನು ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಬಿಡುಗಡೆಯ ಅಧಿಕಾರವನ್ನೂ ಪಡೆದು, 2024ರ ಆರಂಭದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಹುದುಗಿಸಿದನು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು, ತಮ್ಮ ಯಂತ್ರಕ್ಕೆ ಪ್ರವೇಶ ಪಡೆಯಲು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಗಮನಿಸಿ, ಹುಡುಕುತ್ತ ಹೋಗಿ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಅವರು ಆ ಅರ್ಧ ಸೆಕೆಂಡನ್ನು ಅಲಕ್ಷಿಸಿದ್ದರೆ ಎಂಥ ಅನರ್ಥವಾಗುತ್ತಿತ್ತೋ! ನಮ್ಮ 19ನೆಯ ಗೇಟು ಹೋದುದು ಅದೇ ವರ್ಷ. ಎರಡು ಕಡೆಯೂ ಸೋಲು ಬಂದುದು ಯಾರ ಕಣ್ಣಿಗೂ ಬೀಳದ ಸರಪಳಿಯ ಮೂಲಕ.

ಕಟ್ಟುಕೊಡಗೆ

ಇತಿಹಾಸದ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ನಮ್ಮ ಪೂರ್ವಿಕರು ಕೆರೆಯನ್ನು ಕಟ್ಟಿ ಕೈತೊಳೆದುಕೊಂಡವರಲ್ಲ. ಕೆರೆ ಕಟ್ಟಿದವರಿಗೂ ಅದನ್ನು ದುರಸ್ತಿ ಮಾಡಿದವರಿಗೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಈ ದಾನಗಳನ್ನು ಕರ್ನಾಟಕದ ಶಾಸನಗಳಲ್ಲಿ ನೋಡಬಹುದು. ಹಂಪಿಯಲ್ಲಿ ವಿಜಯನಗರದ ಕಾಲದ ತುರ್ತಾ ಕಾಲುವೆ ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ಅರಮನೆಗಳು ಬಿದ್ದವು, ವರ್ಷ ವರ್ಷವೂ ಹೂಳೆತ್ತಿಸಿಕೊಂಡ ಕಾಲುವೆ ಉಳಿಯಿತು.

ಇಂದಿನ ಮುಕ್ತ ತಂತ್ರಾಂಶಕ್ಕೂ ಇಂತಹ ಕಟ್ಟುಕೊಡಗೆ ಬೇಕಾಗಿದೆ. ಬೆಂಗಳೂರಿನ ಝೆರೋಧಾ ಸಂಸ್ಥೆಯವರು ಜಗತ್ತಿನ ಮುಕ್ತ ತಂತ್ರಾಂಶಗಳ ನೆರವಿಗಾಗಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯೊಂದನ್ನು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದುದು ಈ ದಿಕ್ಕಿನಲ್ಲಿ ಸ್ತುತ್ಯವಾದ ಹೆಜ್ಜೆ. ನಮ್ಮಂತಹ ವಿದ್ಯಾರ್ಥಿಗಳ ಬಳಿ ಡಾಲರು ಇಲ್ಲ; ಆದರೆ ಕೊಡಗೆ ಕೊಡಲು ಹಣವೇ ಆಗಬೇಕೆಂದಿಲ್ಲ. ದೋಷವನ್ನು ಕಂಡರೆ ಬೈಯದೆ, ಮೂರು ಸಾಲುಗಳಲ್ಲಿ ಸ್ಪಷ್ಟವಾಗಿ ಬರೆದು ತಿಳಿಸಬಹುದು. ಬಳಸುವ ವಿಧಾನವನ್ನು ಕನ್ನಡದಲ್ಲಿ ಬರೆದುಕೊಡಬಹುದು. ಪ್ರಯೋಗಾರ್ಥ ಆವೃತ್ತಿಯನ್ನು ಕನ್ನಡದ ಹೆಸರುಗಳಿಂದ ಪರೀಕ್ಷಿಸಿ ನೋಡಬಹುದು. ಕನ್ನಡದ ಒತ್ತಕ್ಷರ ಎಲ್ಲಿ ತುಂಡಾಗುತ್ತದೆಂಬುದು ಕನ್ನಡಿಗರ ಕಣ್ಣಿಗೆ ಕಾಣದೆ ಮತ್ತಾರ ಕಣ್ಣಿಗೆ ಕಾಣಬೇಕು?

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹೊಸ ಫಂಕ್ಷನಿಗೆ ಪರೀಕ್ಷೆಯನ್ನು ಬರೆದುಕೊಡುವಿರಾ ಎಂದು ನಿರ್ವಾಹಕರು ಕೇಳಿದ್ದರು. ಗೆಳೆಯರ ಸಹಾಯದಿಂದ ನಾಲ್ಕು ಸಾಲು ಬರೆದು ಕಳುಹಿಸಿದೆನು, ಅವರು ಸ್ವೀಕರಿಸಿದರು. ಆ ಚೌಕಟ್ಟಿನ ಪ್ರತಿಯೊಂದು ಬಿಡುಗಡೆಗೆ ಮುನ್ನ ಯಂತ್ರವು ಈಗ ಇತರ ಪರೀಕ್ಷೆಗಳೊಡನೆ ಇದನ್ನೂ ನೋಡುತ್ತದೆ: ‘ಮರಿಯಮ್ಮನಹಳ್ಳಿ’ ಎಂಬ ಹೆಸರು ಪೂರ್ಣವಾಗಿ ಬರುವುದೇ? ಬಾರದಿದ್ದರೆ ಬಿಡುಗಡೆಯಿಲ್ಲ. ಈ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ತಾಯಿಯವರು ಪೂರ್ತಿಯಾಗಿ ಕೇಳಿ, “ಅದಕ್ಕೇನು ಕೂಲಿ ಕೊಟ್ರು?” ಎಂದರು. ಕೂಲಿಯಿಲ್ಲವೆಂದೆ. ತುಸು ಹೊತ್ತು ಸುಮ್ಮನಿದ್ದು, “ಊರ ಹೆಸರು ಉಳೀತಲ್ಲ, ಹೋಗ್ಲಿ ಬಿಡು” ಎಂದರು.